ಕೀಲಿಕೈ ಬೇಡ, ಕಿಂಡಿ ಸಾಕು

ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಹೊಸದಾಗಿ ಖಾತೆ ತೆರೆದವರು, ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ತಮ್ಮ ಎಸ್‌ಎಸ್‌ಎಚ್ ಕೀ ಸರಿಯಾಗಿ ಕೂತಿದೆಯೇ ಎಂದು ನೋಡಲು ಒಂದು ಕಮಾಂಡ್ ಕೊಡುತ್ತಾರೆ. ಬೆಂಗಳೂರಿನ ಎಷ್ಟೋ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರದ ಶಾಸ್ತ್ರ ಇದು. ಆ ಕಡೆಯಿಂದ ಉತ್ತರ ಬರುತ್ತದೆ: ಹೆಸರು ಹಿಡಿದು ಒಂದು ನಮಸ್ಕಾರ, ನೀವು ಯಾರೆಂದು ಖಾತ್ರಿಯಾಯಿತು ಎಂಬ ಮಾತು, ಆಮೇಲೆ ಇಲ್ಲಿ ಶೆಲ್ ಕೊಡುವುದಿಲ್ಲ ಎಂಬ ಬಾಲ. ಮೊದಲರ್ಧ ಓದಿ ಖುಷಿಪಟ್ಟು, ಬಾಲವನ್ನು ಓದದೆಯೇ ಎಲ್ಲರೂ ಮುಂದಿನ ಕೆಲಸಕ್ಕೆ ಹೊರಡುತ್ತಾರೆ. ಹಳ್ಳಿಮನೆಯ ಯಜಮಾನರು 'ಬನ್ನಿ ಬನ್ನಿ, ಗುರುತು ಸಿಕ್ಕಿತು' ಎನ್ನುತ್ತ ಬಂದವರನ್ನು ಜಗುಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಡುತ್ತಾರಲ್ಲ, ಹಾಗೆ. ಉಪಚಾರಕ್ಕೇನೂ ಕೊರತೆಯಿಲ್ಲ, ನಡುಮನೆಗೆ ಮಾತ್ರ ಕರೆಯುವುದಿಲ್ಲ.

ಯುನಿಕ್ಸ್ ಮಾದರಿಯ ಸರ್ವರ್ ನೋಡಿಕೊಳ್ಳುವವರ ಮುಂದೆ ಬೆಳಗಾದರೆ ಬಂದು ನಿಲ್ಲುವ ಬೇಡಿಕೆಯೂ ಇದೇ. 'ಇವರು ಫೈಲ್ ಹಾಕಬೇಕು, ಆದರೆ ಒಳಗೆ ಓಡಾಡಬಾರದು.' 'ಈ ಪ್ರೋಗ್ರಾಂ ತನ್ನದೇ ಹೆಸರಿನಲ್ಲಿ ಓಡಬೇಕು, ಆ ಹೆಸರಿನಲ್ಲಿ ಯಾರೂ ಲಾಗಿನ್ ಆಗಬಾರದು.' ಕೇಳುವವರಿಗೆ ಇದು ಒಂದು ಬೀಗದ ಮಾತು. ಉತ್ತರ ಹುಡುಕಲು ಕೂತರೆ ಗೊತ್ತಾಗುತ್ತದೆ, ಇಲ್ಲಿ ಬೀಗವೇ ಹತ್ತು ಬಗೆಯದು, ಬಾಗಿಲು ಅದಕ್ಕಿಂತ ಹೆಚ್ಚು.

ಶೆಲ್ ಅಂದರೆ ಚಿಪ್ಪು. ಕಂಪ್ಯೂಟರಿಗೆ ಈ ಪದ ತಂದವರು ಫ್ರಾನ್ಸಿನ ಲೂಯಿ ಪೂಜಾಂ, 1960ರ ದಶಕದಲ್ಲಿ ಎಂಐಟಿಯಲ್ಲಿದ್ದಾಗ. ಒಳಗಿನ ತಿರುಳು ಕರ್ನೆಲ್, ಹೊರಗಿನದು ಚಿಪ್ಪು. ನಾವು ಟೈಪ್ ಮಾಡಿದ ಸಾಲನ್ನು ಓದಿ, ಅದು ಯಾವ ಪ್ರೋಗ್ರಾಂ ಎಂದು ಹುಡುಕಿ, ಕರ್ನೆಲ್‌ಗೆ ಹೇಳಿ ಓಡಿಸುವುದು ಇದರ ಕೆಲಸ. ಯುನಿಕ್ಸಿನ ಮೊದಲ ಶೆಲ್ 1971ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಬರೆದದ್ದು. ಇವತ್ತು ಹೆಚ್ಚಿನ ಲಿನಕ್ಸ್ ಸರ್ವರುಗಳಲ್ಲಿ ಕಾಣುವ ಬ್ಯಾಶ್ 1989ರದು. ಇತಿಹಾಸ ಹಾಗಿರಲಿ. ತಿಳಿದಿರಬೇಕಾದ್ದು ಏನೆಂದರೆ ಶೆಲ್‌ಗೆ ಯಾವ ವಿಶೇಷ ಅಧಿಕಾರವೂ ಇಲ್ಲ. ಹತ್ತರಲ್ಲಿ ಹನ್ನೊಂದನೆಯ ಪ್ರೋಗ್ರಾಂ ಅದು. ಈ ಫೈಲನ್ನು ಇವರು ಓದಬಹುದೇ, ತಿದ್ದಬಹುದೇ ಎಂದು ತೀರ್ಮಾನಿಸುವುದು ಕರ್ನೆಲ್. ಶೆಲ್ ನಡುವೆ ನಿಂತು ಮಾತು ಮುಟ್ಟಿಸುವ ದಲ್ಲಾಳಿ. ದಲ್ಲಾಳಿಯ ಬಾಯಿ ಕಟ್ಟಿದ ಮಾತ್ರಕ್ಕೆ ಮಂಡಿಯ ವ್ಯಾಪಾರ ನಿಲ್ಲುವುದಿಲ್ಲ. ನಾನು ಮುಂದೆ ಹೇಳುವ ಪೇಚುಗಳೆಲ್ಲ ಹುಟ್ಟುವುದು ಇದನ್ನು ಮರೆತಾಗಲೇ.

ಯಾರಿಗೆ ಯಾವ ಶೆಲ್ ಎಂದು ಬರೆದಿಡುವ ಜಾಗ ಒಂದಿದೆ: ಸರ್ವರಿನ ಪಾಸ್‌ವರ್ಡ್ ಫೈಲು. ಹೆಸರು ಹಾಗಿದ್ದರೂ ಈಗ ಅದರಲ್ಲಿ ಪಾಸ್‌ವರ್ಡ್ ಇರುವುದಿಲ್ಲ, ಅದು ಬಹಳ ಹಿಂದೆಯೇ 'ಶ್ಯಾಡೋ' ಎಂಬ ಬೇರೆ ಫೈಲಿಗೆ ಹೋಯಿತು. ಒಬ್ಬೊಬ್ಬ ಬಳಕೆದಾರರಿಗೆ ಒಂದೊಂದು ಸಾಲು, ಸಾಲಿನಲ್ಲಿ ಕೋಲನ್ ಚಿಹ್ನೆಯಿಂದ ಬೇರೆಯಾದ ಏಳು ಮನೆಗಳು. ಐದನೆಯ ಮನೆಗೆ ಇವತ್ತಿಗೂ 'ಜೀಕಾಸ್' ಎಂದು ಹೆಸರು. ಬೆಲ್ ಲ್ಯಾಬ್ಸ್‌ನವರು ಪ್ರಿಂಟ್ ತೆಗೆಯಲು ಬಳಸುತ್ತಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರದ ಕಾರ್ಯವ್ಯವಸ್ಥೆಯ ಹೆಸರು ಅದು. ಯಂತ್ರ ಹೋಗಿ ಎಷ್ಟೋ ಕಾಲವಾಯಿತು, ಅದಕ್ಕೆಂದು ಬಿಟ್ಟ ಮನೆ ಖಾಲಿಯಾಗಲಿಲ್ಲ. ಈಗ ಅಲ್ಲಿ ಬಳಕೆದಾರರ ಪೂರ್ಣ ಹೆಸರು ವಾಸವಾಗಿದೆ. ಏಳನೆಯ, ಕೊನೆಯ ಮನೆ ನಮಗೆ ಬೇಕಾದ್ದು. ಲಾಗಿನ್ ಆದಮೇಲೆ ಯಾವ ಪ್ರೋಗ್ರಾಂ ಓಡಿಸಬೇಕು ಎಂದು ಅದು ಹೇಳುತ್ತದೆ.

ಗಮನಿಸಿ, 'ಯಾವ ಪ್ರೋಗ್ರಾಂ' ಎಂದೆ. ಅದು ಶೆಲ್ಲೇ ಆಗಿರಬೇಕೆಂಬ ನಿಯಮ ಇಲ್ಲ. ಡೆಬಿಯನ್ ಲಿನಕ್ಸ್‌ನ ಪಾಸ್‌ವರ್ಡ್ ಫೈಲು ತೆರೆದು ನೋಡಿ. 'ಸಿಂಕ್' ಎಂಬ ಬಳಕೆದಾರ ಸಿಗುತ್ತಾನೆ, ಅವನ ಏಳನೆಯ ಮನೆಯಲ್ಲಿರುವುದು ಸಿಂಕ್ ಎಂಬ ಕಮಾಂಡೇ. ಡಿಸ್ಕಿಗೆ ಬರೆಯಲು ಬಾಕಿಯಿದ್ದು ಮೆಮೊರಿಯಲ್ಲಿ ಉಳಿದದ್ದನ್ನೆಲ್ಲ ಬರೆದು ಮುಗಿಸುವುದಷ್ಟೇ ಅದರ ಕೆಲಸ. ರೆಡ್ ಹ್ಯಾಟ್ ಕಡೆಯವರಲ್ಲಿ 'ಹಾಲ್ಟ್' ಎಂಬ ಬಳಕೆದಾರ ಇದ್ದಾನೆ, ಅವನ ಶೆಲ್ ಯಂತ್ರವನ್ನೇ ನಿಲ್ಲಿಸುವ ಕಮಾಂಡ್. ಒಂದು ಹೆಸರು, ಒಂದು ಕೆಲಸ, ಮುಗಿಯಿತು ಅಂದರೆ ಹೊರಗೆ. ಹಳಬರ ಈ ಯೋಚನೆಯನ್ನು ನಾವು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟಿರೋಣ, ಮತ್ತೆ ಬೇಕಾಗುತ್ತದೆ.

ಆ ಏಳನೆಯ ಮನೆಯಲ್ಲಿ ಇವತ್ತು ಅತಿ ಹೆಚ್ಚು ಕಾಣುವ ಹೆಸರು ಬ್ಯಾಶ್ ಅಲ್ಲ, 'ನೋಲಾಗಿನ್'. ಲಾಗಿನ್ ಆದವರಿಗೆ 'ಈ ಖಾತೆ ಸದ್ಯ ಲಭ್ಯವಿಲ್ಲ' ಎಂಬರ್ಥದ ಒಂದು ಸಾಲು ತೋರಿಸಿ ಹೊರಕ್ಕೆ ಕಳಿಸುವ ಪುಟ್ಟ ಪ್ರೋಗ್ರಾಂ. ಅದರ ಮೂಗ ತಮ್ಮ 'ಫಾಲ್ಸ್', ಏನೂ ಹೇಳದೆ ಬಾಗಿಲು ಹಾಕುತ್ತಾನೆ. ವೆಬ್ ಸರ್ವರ್, ಮೇಲ್ ಸರ್ವರ್, ಡೇಟಾಬೇಸ್ ಇವೆಲ್ಲ ತಮ್ಮ ತಮ್ಮ ಹೆಸರಿನಲ್ಲಿ ಓಡುತ್ತವಲ್ಲ, ಆ ಖಾತೆಗಳಿಗೆ ಇದು ಹೇಳಿ ಮಾಡಿಸಿದ್ದು. ಅವುಗಳಿಗೆ ಪಾಸ್‌ವರ್ಡೂ ಇಲ್ಲ, ಕೀಯೂ ಇಲ್ಲ, ಲಾಗಿನ್ ಆಗುವ ಮನುಷ್ಯನೂ ಇಲ್ಲ.

ಎಡವಟ್ಟು ಆಗುವುದು ನಿಜವಾದ ಮನುಷ್ಯನಿಗೆ, ಅಂದರೆ ಕೈಯಲ್ಲಿ ಕೀ ಅಥವಾ ಪಾಸ್‌ವರ್ಡ್ ಇರುವವನಿಗೆ, ನೋಲಾಗಿನ್ ಕೊಟ್ಟು ನಿಶ್ಚಿಂತರಾದಾಗ. ಎಸ್‌ಎಸ್‌ಎಚ್ ಮೊದಲು ಅವನ ಗುರುತು ಪರೀಕ್ಷಿಸುತ್ತದೆ, ಆಮೇಲೆ ಅವನು ಕೇಳಿದರೆ ಶೆಲ್ ಓಡಿಸುತ್ತದೆ. ಕೇಳಿದರೆ! 'ನನಗೆ ಶೆಲ್ ಬೇಡ, ನನ್ನ ಕಂಪ್ಯೂಟರಿನಿಂದ ನಿಮ್ಮ ಒಳಗಿನ ಡೇಟಾಬೇಸಿಗೆ ಒಂದು ಸುರಂಗ ಕೊಟ್ಟರೆ ಸಾಕು' ಎಂದು ಅವನು ಕೇಳಬಹುದು, ಅದಕ್ಕೆ ಎಸ್‌ಎಸ್‌ಎಚ್‌ನಲ್ಲಿ ಒಂದೇ ಅಕ್ಷರದ ಆಯ್ಕೆ ಇದೆ. ಶೆಲ್ ಓಡುವುದೇ ಇಲ್ಲವಾದ್ದರಿಂದ ನೋಲಾಗಿನ್‌ಗೆ ಬಾಯಿ ತೆರೆಯುವ ಸಂದರ್ಭವೇ ಬರುವುದಿಲ್ಲ. ಮುಂಬಾಗಿಲಲ್ಲಿ ಕಾವಲುಗಾರ ಕೂತಿದ್ದಾನೆ, ಹಿತ್ತಿಲಿನಿಂದ ಗಾಡಿಗಟ್ಟಲೆ ಸಾಮಾನು ಹೋಗುತ್ತಿದೆ. ಇದನ್ನು ತಡೆಯಬೇಕಾದ್ದು ಎಸ್‌ಎಸ್‌ಎಚ್‌ನದೇ ಸಂರಚನಾ ಫೈಲಿನಲ್ಲಿ, ಫಾರ್ವರ್ಡಿಂಗ್ ಬೇಡ ಎಂದು ಬರೆದು. ಏಳನೆಯ ಮನೆಗೆ ಅದರ ಸುದ್ದಿಯೇ ತಿಳಿಯದು.

ಕೆಲಸ ಬಿಟ್ಟು ಹೋದವರ ಖಾತೆ ಮುಚ್ಚುವಾಗಲೂ ಇದೇ ಕಥೆ. ಪಾಸ್‌ವರ್ಡ್ ಲಾಕ್ ಮಾಡುವ ಕಮಾಂಡ್ ಕೊಟ್ಟರೆ ಶ್ಯಾಡೋ ಫೈಲಿನಲ್ಲಿ ಅವರ ಸಾಲಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಸೇರುತ್ತದೆ, ಪಾಸ್‌ವರ್ಡ್ ಹೊಂದದಂತಾಗುತ್ತದೆ. ಆದರೆ ಎಸ್‌ಎಸ್‌ಎಚ್ ಕೀ ಇಟ್ಟುಕೊಂಡವರು ಪಾಸ್‌ವರ್ಡ್ ಕೇಳುವ ದಾರಿಯಲ್ಲಿ ಬರುವುದೇ ಇಲ್ಲ. ಅವರು ಹೊತ್ತು ಗೊತ್ತುಮಾಡಿ ಬರೆದಿಟ್ಟ ಕ್ರಾನ್ ಕೆಲಸಗಳು ರಾತ್ರಿ ಎರಡು ಗಂಟೆಗೆ ಎದ್ದು ಓಡುತ್ತಲೇ ಇರಬಹುದು. ಮೊದಲೇ ಒಳಗೆ ಕೂತಿರುವ ಸೆಷನ್ ಇದ್ದರೆ ಅದೂ ಏಳುವುದಿಲ್ಲ. ಹೊರಗೆ ಕಳಿಸಬೇಕಾದರೆ ಖಾತೆಯ ಅವಧಿಯನ್ನೇ ಮುಗಿಸಬೇಕು, ಕೀ ತೆಗೆಯಬೇಕು, ಓಡುತ್ತಿರುವುದನ್ನು ನಿಲ್ಲಿಸಬೇಕು. ಲಾಕ್ ಎಂಬ ಪದ ಎಷ್ಟು ಜನರಿಗೆ ಎಷ್ಟು ಒಳ್ಳೆಯ ನಿದ್ದೆ ಕೊಟ್ಟಿದೆಯೋ!

ನನ್ನ ಪಾಲಿನ ಪೆಟ್ಟು ಬಿದ್ದದ್ದು ಇನ್ನೊಂದು ಕಡೆ. ಪರಿಚಯದವರ ಒಂದು ಮುದ್ರಣಾಲಯದ ಸರ್ವರ್ ಕೆಲಕಾಲ ನೋಡಿಕೊಳ್ಳುತ್ತಿದ್ದೆ. ಅಲ್ಲೊಬ್ಬ ಡಿಸೈನರ್ ಹುಡುಗ, ಇಪ್ಪತ್ತೆರಡರ ಆಸುಪಾಸು. ಅವನು ಪುಟಗಳನ್ನು ತಂದು ಹಾಕಬೇಕು, ಅಲ್ಲೊಂದು ಇಲ್ಲೊಂದು ಸಾಲು ತಿದ್ದಬೇಕು. ಉಳಿದ ಕಡೆ ಕೈಹಾಕಬಾರದು. ನಾನು ಬುದ್ಧಿವಂತನಂತೆ ಅವನಿಗೆ 'ಆರ್‌ಬ್ಯಾಶ್' ಕೊಟ್ಟೆ. ಬ್ಯಾಶ್‌ನದೇ ಕೈಕಟ್ಟಿದ ರೂಪ ಅದು. ಅದರಲ್ಲಿ 'ಸಿಡಿ' ಕಮಾಂಡ್ ಕೊಟ್ಟು ಬೇರೆ ಡೈರೆಕ್ಟರಿಗೆ ಹೋಗುವ ಹಾಗಿಲ್ಲ, ಓರೆಗೆರೆ ಇರುವ ಕಮಾಂಡ್ ಕೊಡುವ ಹಾಗಿಲ್ಲ, ಕಮಾಂಡ್ ಹುಡುಕುವ ದಾರಿಯನ್ನು ಬದಲಿಸುವ ಹಾಗಿಲ್ಲ, ಫಲಿತಾಂಶವನ್ನು ಫೈಲಿಗೆ ತಿರುಗಿಸುವ ಹಾಗೂ ಇಲ್ಲ. ಅವನಿಗೆಂದೇ ಒಂದು ಡೈರೆಕ್ಟರಿ ಮಾಡಿ, ಬೇಕಾದ ಐದಾರು ಕಮಾಂಡುಗಳನ್ನು ಮಾತ್ರ ಅದರಲ್ಲಿಟ್ಟೆ. ಪಟ್ಟಿಯಲ್ಲಿ ವಿಐ ಎಡಿಟರೂ ಇತ್ತು, ಸಾಲು ತಿದ್ದಬೇಕಲ್ಲ.

ಹದಿನೈದು ದಿನ ಕಳೆದಿರಬೇಕು. ಅವನ ಹೆಸರಿನ ಫೈಲೊಂದು ಇರಬಾರದ ಜಾಗದಲ್ಲಿ ಕಂಡಿತು. ಕರೆದು ಕೇಳಿದೆ.

'ಅಲ್ಲಿಗೆ ಹೇಗಯ್ಯಾ ಹೋದೆ?'

'ಸಿಡಿ ಕಮಾಂಡ್ ಬರ್ತಿರ್ಲಿಲ್ಲ ಸರ್. ಏನೋ ತೊಂದರೆ ಆಗಿದೆ ಅಂದ್ಕೊಂಡು ವಿಐ ಒಳಗಿಂದ ಹೋದೆ. ನಿಮಗೆ ಹೇಳೋಣ ಅಂತಿದ್ದೆ, ಮರೆತುಹೋಯ್ತು.'

ಅವನು ಕಳ್ಳನಲ್ಲ. ಕೆಟ್ಟುಹೋಗಿದೆ ಎಂದು ತಿಳಿದು ರಿಪೇರಿ ಮಾಡಿಕೊಂಡಿದ್ದ, ಅಷ್ಟೆ. ವಿಐ ಒಳಗೆ 'ನಿನ್ನ ಶೆಲ್ ಬ್ಯಾಶ್' ಎಂದು ಹೇಳುವ ಒಂದು ಸಾಲು, 'ಈಗ ಅದನ್ನು ತೆರೆ' ಎನ್ನುವ ಇನ್ನೊಂದು ಸಾಲು. ಎರಡು ಸಾಲಿಗೆ ನನ್ನ ಕೋಟೆ ಬಿತ್ತು. ನಿರ್ಬಂಧ ಇದ್ದದ್ದು ಆರ್‌ಬ್ಯಾಶ್‌ನ ಮೇಲೆ, ವಿಐ ಮೇಲಲ್ಲ. ದಲ್ಲಾಳಿ ಹೋದರೆ ಇನ್ನೊಬ್ಬ ದಲ್ಲಾಳಿ. ವಿಐ ಒಂದೇ ಅಲ್ಲ. ಪುಟ ಪುಟವಾಗಿ ಓದಿಸುವ 'ಲೆಸ್' ಒಳಗಿಂದ ಒಂದು ಆಶ್ಚರ್ಯಸೂಚಕ ಚಿಹ್ನೆ ಒತ್ತಿ ಹೊರಬೀಳಬಹುದು. ಕೈಪಿಡಿ ತೋರಿಸುವ 'ಮ್ಯಾನ್' ಕಮಾಂಡ್ ಲೆಸ್ ಅನ್ನೇ ಕರೆಯುವುದರಿಂದ ಅದರಿಂದಲೂ ಆಗುತ್ತದೆ. ಫೈಲ್ ಹುಡುಕುವ 'ಫೈಂಡ್', ಸಾಲು ಬಿಡಿಸುವ 'ಆಕ್', ಎಲ್ಲಕ್ಕೂ ಬೇರೆ ಪ್ರೋಗ್ರಾಂ ಓಡಿಸುವ ಸಾಮರ್ಥ್ಯ ಇದೆ. ಯಾವ ಕಮಾಂಡಿನಿಂದ ಹೇಗೆ ತಪ್ಪಿಸಿಕೊಳ್ಳಬಹುದು ಎಂದು ಪಟ್ಟಿ ಮಾಡಿದ 'ಜಿಟಿಎಫ್‌ಒ ಬಿನ್ಸ್' ಎಂಬ ಸಂಗ್ರಹವೇ ಇದೆ, ಓದಲು ಕೂತರೆ ಒಳ್ಳೆಯ ಮಧ್ಯಾಹ್ನ ಕಳೆಯುತ್ತದೆ. ಬೇರೆಯವರ ಅಧಿಕಾರದಲ್ಲಿ ಪ್ರೋಗ್ರಾಂ ಓಡಿಸುವ, ಕನ್ನಡದ ಕಿವಿಗೆ 'ಸುಡು' ಎಂದೇ ಕೇಳಿಸುವ ಸುಡೂ ಕಮಾಂಡಿನ ಮೂಲಕ ವಿಐಗೆ ರೂಟ್, ಅಂದರೆ ಯಂತ್ರದ ಸರ್ವಾಧಿಕಾರ, ಕೊಟ್ಟವರು ಇದೇ ಬೆಂಕಿಯನ್ನು ಇನ್ನೂ ದೊಡ್ಡದಾಗಿ ಹಚ್ಚಿಕೊಂಡಿರುತ್ತಾರೆ.

ಆರ್‌ಬ್ಯಾಶ್‌ನಲ್ಲಿ ಇನ್ನೂ ಒಂದು ಬಿರುಕಿದೆ. ಕಮಾಂಡ್ ಹುಡುಕುವ ದಾರಿಯನ್ನು ನಾನು ಬರೆದಿಟ್ಟದ್ದು ಅವನ ಹೋಮ್ ಡೈರೆಕ್ಟರಿಯ ಆರಂಭಿಕ ಫೈಲಿನಲ್ಲಿ. ಆ ಡೈರೆಕ್ಟರಿಯ ಒಡೆಯ ಅವನೇ. ತಿದ್ದಿಕೊಂಡು ಮತ್ತೊಮ್ಮೆ ಲಾಗಿನ್ ಆದರೆ ಮುಗಿಯಿತು, ಏಕೆಂದರೆ ಆ ಫೈಲ್ ಓದಿದ ನಂತರವೇ ಕೈಕಟ್ಟು ಜಾರಿಗೆ ಬರುವುದು. ಇಂಥ ಶೆಲ್ ಬಳಸುವುದಕ್ಕಿಂತ ಗಟ್ಟಿಯಾದ ದಾರಿಗಳು ಈಗಿನ ವ್ಯವಸ್ಥೆಗಳಲ್ಲಿವೆ ಎಂದು ಬ್ಯಾಶ್‌ನ ಇತ್ತೀಚಿನ ಕೈಪಿಡಿಯೇ ಒಪ್ಪಿಕೊಳ್ಳುತ್ತದೆ. ನಾನು ಕೈಪಿಡಿಯನ್ನು ಓದಿದ್ದು ಆ ಹುಡುಗನ ಜೊತೆ ಮಾತಾಡಿದ ಮೇಲೆ.

ಆ ಗಟ್ಟಿ ದಾರಿಗಳ ಅಜ್ಜ 'ಸಿಎಚ್‌ರೂಟ್'. ಕೆಲವರು ಇದನ್ನು 'ಚುರೂಟ್' ಎನ್ನುತ್ತಾರೆ, ಅಜ್ಜಂದಿರು ಸೇದುತ್ತಿದ್ದ ಚುಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಲ್ಲೇ ಇದು ಇತ್ತು. ಒಂದು ಪ್ರೋಗ್ರಾಮಿಗೆ 'ನಿನ್ನ ಪ್ರಪಂಚ ಈ ಡೈರೆಕ್ಟರಿಯಿಂದ ಶುರು, ಇದರ ಮೇಲೆ ಏನೂ ಇಲ್ಲ' ಎಂದು ನಂಬಿಸುವ ಉಪಾಯ. ಇಲ್ಲಿ ನಿರ್ಬಂಧ ಹಾಕುವುದು ದಲ್ಲಾಳಿಯಲ್ಲ, ಕರ್ನೆಲ್. ಹಾಗಾಗಿ ವಿಐ ಬಂದರೂ ಲೆಸ್ ಬಂದರೂ ಅವೂ ಆ ಗೋಡೆಯೊಳಗೇ.

ಇದನ್ನು ಜೈಲಾಗಿ ಬಳಸಿದ ಪ್ರಸಿದ್ಧ ಪ್ರಸಂಗ ಬೆಲ್ ಲ್ಯಾಬ್ಸ್‌ನದು. 1991ರ ಜನವರಿಯಲ್ಲಿ ಯಾರೋ ಒಬ್ಬ ಅಲ್ಲಿಯ ಗೇಟ್‌ವೇ ಯಂತ್ರದಲ್ಲಿ ಮೇಲ್ ಪ್ರೋಗ್ರಾಮಿನ ಹಳೆಯ ತೂತೊಂದು ಇದೆ ಎಂದು ಭಾವಿಸಿ, ಪಾಸ್‌ವರ್ಡ್ ಫೈಲ್ ಕದಿಯಲು ನೋಡಿದ. ತೂತು ಇರಲಿಲ್ಲ. ಯಂತ್ರದ ಉಸ್ತುವಾರಿ ಬಿಲ್ ಚೆಸ್ವಿಕ್ ಅವರದು. ಅವರು ಓಡಿಸಿಬಿಡುವ ಬದಲು ಸುಳ್ಳು ಪಾಸ್‌ವರ್ಡ್ ಫೈಲೊಂದನ್ನು ಕಳಿಸಿಕೊಟ್ಟರು. ಆಮೇಲೆ ಅವನು ಕೊಟ್ಟ ಕಮಾಂಡುಗಳಿಗೆಲ್ಲ ತಾವೇ ಕೂತು ಕೈಯಿಂದ ಉತ್ತರ ತಯಾರಿಸಿ ಕಳಿಸುತ್ತ, ತಮ್ಮದು ಬಹಳ ನಿಧಾನದ ಯಂತ್ರವೆಂದು ನಂಬಿಸಿದರು. ಯಂತ್ರದ ಪಾತ್ರ ಮಾಡಿ ಸುಸ್ತಾದ ಮೇಲೆ ಸಿಎಚ್‌ರೂಟ್ ಬಳಸಿ ಅವನಿಗೊಂದು ಬೊಂಬೆಮನೆ ಕಟ್ಟಿ, ಅದರಲ್ಲಿ ಬಿಟ್ಟು, ತಿಂಗಳುಗಟ್ಟಲೆ ಗಮನಿಸಿದರು. ಸುಳಿವು ಹಿಡಿದು ಹೋದರೆ ಅದು ನೆದರ್ಲೆಂಡ್ಸ್ ಮುಟ್ಟಿತು. 'ಬರ್ಫರ್ಡ್' ಎಂದು ಹೆಸರಿಟ್ಟು ಆ ಆಸಾಮಿಯ ಕಥೆಯನ್ನು ಅವರು 1992ರಲ್ಲಿ ಒಂದು ಪ್ರಬಂಧವಾಗಿ ಬರೆದರು. ತಾಂತ್ರಿಕ ಪ್ರಬಂಧಗಳಲ್ಲಿ ನಗು ತರಿಸುವಂಥವು ಕಡಿಮೆ, ಇದು ಅವುಗಳಲ್ಲೊಂದು.

ಸಿಎಚ್‌ರೂಟ್‌ಗೆ ಗೋಡೆ ಇದೆ, ಮಾಡು ಇಲ್ಲ. ಒಳಗಿದ್ದವರಿಗೆ ರೂಟ್ ಅಧಿಕಾರ ಸಿಕ್ಕಿತೆಂದರೆ ಹಾರಿ ಹೊರಬರುತ್ತಾರೆ. 2000ದಲ್ಲಿ ಯುನಿಕ್ಸ್ ಬಳಗದ ಫ್ರೀಬಿಎಸ್‌ಡಿಯ ನಾಲ್ಕನೆಯ ಆವೃತ್ತಿ ತಂದ 'ಜೈಲ್' ಆ ಕೊರತೆ ತುಂಬಲು ಬಂದದ್ದು, ಇವತ್ತಿನ ಕಂಟೇನರುಗಳೂ ಅದೇ ಬಳಗ. ಆ ದಾರಿಯಲ್ಲಿ ಹೋದರೆ ಇನ್ನೊಂದು ಅಂಕಣವಾದೀತು.

ಶೆಲ್ಲನ್ನೇ ಕೊಡದಿರುವ ವಿಷಯಕ್ಕೆ ಬಂದರೆ ನನಗೆ ಮುಖ್ಯವಾಗಿ ಕಾಣುವುದು 2011ರ ಆಗಸ್ಟ್. ಲಿನಕ್ಸ್‌ಗೆ ಇಪ್ಪತ್ತು ತುಂಬಿದ ತಿಂಗಳು. ಅದರ ಮೂಲ ಕೋಡ್ ಹಂಚುವ ಕರ್ನೆಲ್ ಡಾಟ್ ಆರ್ಗ್‌ನ ಸರ್ವರಿಗೇ ಯಾರೋ ನುಗ್ಗಿ ರೂಟ್ ಅಧಿಕಾರ ಪಡೆದಿದ್ದಾರೆಂದು ಆಗಸ್ಟ್ 28ರಂದು ಗೊತ್ತಾಯಿತು. ನುಗ್ಗಿದವರು ಎಸ್‌ಎಸ್‌ಎಚ್ ಪ್ರೋಗ್ರಾಮನ್ನೇ ಬದಲಿಸಿ, ಬಳಕೆದಾರರು ಮಾಡುವುದನ್ನೆಲ್ಲ ದಾಖಲಿಸಿಕೊಳ್ಳುತ್ತಿದ್ದರು. ಒಬ್ಬ ಬಳಕೆದಾರರ ಲಾಗಿನ್ ವಿವರ ಕದ್ದು ಒಳಬಂದಿರಬೇಕು ಎಂಬುದು ನಿರ್ವಾಹಕರ ಊಹೆ. ಆಗ ಅಲ್ಲಿದ್ದ ಬಳಕೆದಾರರು 448 ಮಂದಿ, ಎಲ್ಲರೂ ಕೀ ಬದಲಿಸಬೇಕಾಯಿತು. ಅಷ್ಟು ಜನರಲ್ಲಿ ಒಬ್ಬರ ಲ್ಯಾಪ್‌ಟಾಪ್ ಕೆಟ್ಟರೂ ಕಳ್ಳನಿಗೆ ನಡುಮನೆಯಲ್ಲಿ ಜಾಗ ಸಿಕ್ಕಂತೆ. ವಾರಗಟ್ಟಲೆ ಸೈಟ್ ಮುಚ್ಚಿತ್ತು. ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಅಷ್ಟು ದಿನ ತಮ್ಮ ಕೋಡನ್ನು ಗಿಟ್‌ಹಬ್‌ನಲ್ಲಿಟ್ಟರು. ಕೋಡ್ ಕೆಡಲಿಲ್ಲ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಪ್ರತಿ ಬದಲಾವಣೆಯ ಗುರುತುಸಂಖ್ಯೆ ಅದರ ಹಿಂದಿನ ಇತಿಹಾಸವನ್ನೆಲ್ಲ ಸೇರಿಸಿ ಲೆಕ್ಕ ಹಾಕಿದ್ದು. ಹಳೆಯದನ್ನು ಯಾರಾದರೂ ತಿದ್ದಿದ್ದರೆ ಜಗತ್ತಿನ ಸಾವಿರಾರು ಪ್ರತಿಗಳ ಜೊತೆ ಹೊಂದದೆ ಸಿಕ್ಕಿಬೀಳುತ್ತಿತ್ತು.

ಅಕ್ಟೋಬರಿನಲ್ಲಿ ಸೈಟ್ ಮರಳಿ ಬಂದಾಗ ಶೆಲ್ ಖಾತೆಗಳು ಇರಲಿಲ್ಲ. ಈ ಡೆವಲಪರುಗಳಿಗೆ ನಿಜಕ್ಕೂ ಬೇಕಾದ್ದೇನು ಎಂದು ಕೂತು ನೋಡಿದರೆ, ಗಿಟ್‌ಗೆ ಕೋಡ್ ತಳ್ಳುವುದು ಮತ್ತು ಬಿಡುಗಡೆಯ ಫೈಲ್ ಏರಿಸುವುದು, ಹೆಚ್ಚುಕಮ್ಮಿ ಎರಡೇ. ಎರಡಕ್ಕೂ ಒಂದೊಂದು ಕಿಂಡಿ ಕೊರೆದರು. ಪೋಸ್ಟಾಫೀಸಿನ ಕೌಂಟರಿನಲ್ಲಿರುತ್ತದಲ್ಲ, ಅಂಥದ್ದು: ಕವರ್ ಒಳಗೆ ಹೋಗುತ್ತದೆ, ರಸೀದಿ ಹೊರಗೆ ಬರುತ್ತದೆ, ಮನುಷ್ಯ ಈಚೆಯೇ ಉಳಿಯುತ್ತಾನೆ. ಫೈಲ್ ಏರಿಸುವ ಕಿಂಡಿಗೆ 'ಕಪ್' ಎಂದು ಹೆಸರು. ಡಿಜಿಟಲ್ ಸಹಿ ಹೊಂದದಿದ್ದರೆ ಫೈಲನ್ನು ಮುಟ್ಟುವುದಿಲ್ಲ. ಗಿಟ್‌ನ ಕಿಂಡಿ ಗಿಟೊಲೈಟ್. ಇದನ್ನು 2009ರಲ್ಲಿ ಬರೆದವರು ನಮ್ಮ ದೇಶದವರೇ, ಸೀತಾರಾಮ ಚಾಮರ್ತಿ.

ಗಿಟೊಲೈಟ್ ನಡೆಯುವ ರೀತಿ ಸೊಗಸು. ಸರ್ವರಿನಲ್ಲಿ ಇರುವುದು ಒಬ್ಬನೇ ಬಳಕೆದಾರ, ಎಲ್ಲರೂ ಅವನ ಹೆಸರಿನಲ್ಲೇ ಬರುತ್ತಾರೆ. ಯಾರು ಯಾರೆಂದು ಗೊತ್ತಾಗುವುದು ಅವರ ಕೀಯಿಂದ. ಒಪ್ಪಿದ ಕೀಗಳ ಫೈಲಿನಲ್ಲಿ ಪ್ರತಿ ಕೀಯ ಮುಂದೆ 'ಈ ಕೀ ಬಂದರೆ ಈ ಒಂದು ಪ್ರೋಗ್ರಾಮನ್ನು ಮಾತ್ರ ಓಡಿಸು' ಎಂದು ಬರೆಯಲು ಎಸ್‌ಎಸ್‌ಎಚ್ ಅವಕಾಶ ಕೊಡುತ್ತದೆ. ಬಂದವರು ಏನೇ ಕೇಳಲಿ, ಓಡುವುದು ಅದೇ. ಅವರು ಕೇಳಿದ್ದನ್ನು ಎಸ್‌ಎಸ್‌ಎಚ್ ಒಂದು ಚೀಟಿಯಲ್ಲಿ ಬರೆದು ಆ ಪ್ರೋಗ್ರಾಮಿನ ಕೈಗಿಡುತ್ತದೆ. ಗಿಟೊಲೈಟ್ ಚೀಟಿ ಓದಿ, ಪಟ್ಟಿ ನೋಡಿ, ಈ ಕೀಯವರಿಗೆ ಈ ಕೋಡಿನ ಮೇಲೆ ಹಕ್ಕಿದ್ದರೆ ಕೆಲಸ ಮಾಡಿಕೊಡುತ್ತದೆ. ಪಕ್ಕಕ್ಕಿಟ್ಟಿದ್ದೆವಲ್ಲ, ಆ 'ಸಿಂಕ್' ಬಳಕೆದಾರನ ದೂರದ ಮೊಮ್ಮಗು ಇದು.

ಈ ಕೀ ಸಾಲಿನಲ್ಲೇ ಒಂದು ಪುಟ್ಟ ಪದದ ಕಥೆ ಇದೆ. ಮೊದಲು ಅಲ್ಲಿ ಟರ್ಮಿನಲ್ ಬೇಡ, ಸುರಂಗ ಬೇಡ, ಕೀ ಮುಂದಕ್ಕೆ ಸಾಗಿಸುವುದು ಬೇಡ ಎಂದು ಒಂದೊಂದಾಗಿ ಬರೆಯಬೇಕಿತ್ತು. ಎಸ್‌ಎಸ್‌ಎಚ್‌ಗೆ ಹೊಸ ಸೌಲಭ್ಯ ಬಂದರೆ ಹಳೆಯ ಸಾಲುಗಳಿಗೆಲ್ಲ ಹೊಸ 'ಬೇಡ' ಸೇರಬೇಕು, ಯಾರು ನೆನಪಿಡುತ್ತಾರೆ? 2016ರಲ್ಲಿ ಎಸ್‌ಎಸ್‌ಎಚ್‌ನ ಬಹುಬಳಕೆಯ ರೂಪವಾದ ಓಪನ್‌ಎಸ್‌ಎಸ್‌ಎಚ್ 'ರಿಸ್ಟ್ರಿಕ್ಟ್' ಎಂಬ ಒಂದೇ ಪದ ತಂದಿತು. ಈಗಿರುವುದೂ ಬೇಡ, ಮುಂದೆ ಬರುವುದೂ ಬೇಡ ಎಂದು ಅದರರ್ಥ. ಆಮೇಲೆ ಬೇಕಾದ್ದನ್ನು ಮಾತ್ರ ಹೆಸರಿಸಿ ಕೊಡುವುದು. ನನ್ನ ಆರ್‌ಬ್ಯಾಶ್ ಸೋತದ್ದು ಇಲ್ಲಿಯೇ. ನಾನು ಹುಡುಗನಿಗೆ ಬೇಡವಾದ್ದರ ಪಟ್ಟಿ ಹಿಡಿದು ಹೊರಟಿದ್ದೆ.

ಹಾಗೆಂದು ಕಿಂಡಿಯಲ್ಲೂ ಬಿರುಕು ಬಿಡುವುದಿಲ್ಲವೆಂದಲ್ಲ. ಗಿಟ್ ಜೊತೆಗೇ ಬರುವ 'ಗಿಟ್-ಶೆಲ್' ಕೆಲವೇ ಗಿಟ್ ಕಮಾಂಡುಗಳನ್ನು ಬಿಟ್ಟರೆ ಬೇರೇನನ್ನೂ ಒಪ್ಪುವುದಿಲ್ಲ. 2017ರಲ್ಲಿ ಕಂಡದ್ದೇನೆಂದರೆ, ಅದು ಒಪ್ಪುವ ಕಮಾಂಡಿನ ಬಾಲಕ್ಕೆ 'ಸಹಾಯ' ಕೇಳುವ ಆಯ್ಕೆ ಸಿಕ್ಕಿಸಿದರೆ ಕೈಪಿಡಿ ತೆರೆಯುತ್ತಿತ್ತು. ಕೈಪಿಡಿ ತೋರಿಸುವುದು ಯಾರು? ಲೆಸ್. ಲೆಸ್ ಒಳಗಿಂದ ಹೊರಬೀಳುವುದು ಹೇಗೆಂದು ಆಗಲೇ ನೋಡಿದ್ದೇವೆ. ತಿದ್ದಿದರು, ಆದರೆ ಆ ಸುದ್ದಿ ಓದಿದ ದಿನ ನನಗೆ ಮುದ್ರಣಾಲಯದ ಹುಡುಗ ನೆನಪಾಗಿ ಒಬ್ಬನೇ ನಕ್ಕೆ.

ಅವನಿಗೆ ಕೊನೆಗೆ ಮಾಡಿಕೊಟ್ಟದ್ದು ಎಸ್‌ಎಸ್‌ಎಚ್ ಮೂಲಕ ಫೈಲ್ ಸಾಗಿಸುವ ಎಸ್‌ಎಫ್‌ಟಿಪಿ ಮಾತ್ರ. ಓಪನ್‌ಎಸ್‌ಎಸ್‌ಎಚ್‌ನಲ್ಲಿ 2008ರಿಂದ ಇದಕ್ಕೆ ಒಳ್ಳೆಯ ಅನುಕೂಲವಿದೆ. ಇಂಥ ಬಳಕೆದಾರ ಬಂದರೆ ಅವನನ್ನು ಇಂಥ ಡೈರೆಕ್ಟರಿಯಲ್ಲಿ ಸಿಎಚ್‌ರೂಟ್ ಮಾಡು, ಎಸ್‌ಎಸ್‌ಎಚ್ ಒಳಗೇ ಇರುವ ಎಸ್‌ಎಫ್‌ಟಿಪಿ ಓಡಿಸು, ಸುರಂಗ ಕೊಡಬೇಡ ಎಂದು ನಾಲ್ಕೈದು ಸಾಲು ಬರೆದರೆ ಆಯಿತು. ಶೆಲ್ ಇಲ್ಲ, ಹಾಗಾಗಿ ನೋಲಾಗಿನ್ ಇದ್ದರೂ ನಡೆಯುತ್ತದೆ. ಸಾಲು ತಿದ್ದುವುದನ್ನು ಅವನು ತನ್ನ ಕಂಪ್ಯೂಟರಿನಲ್ಲೇ ಮಾಡಿ ಕಳಿಸಬಹುದು. ಎಲ್ಲ ಸರಿಯಿದೆ ಎಂದು ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಫೋನು.

'ಸರ್, ಲಾಗಿನ್ನೇ ಆಗ್ತಿಲ್ಲ. ಪಾಸ್‌ವರ್ಡ್ ತಗೊಳುತ್ತೆ, ತಕ್ಷಣ ಕಟ್ ಆಗುತ್ತೆ.'

ಈ ದಾರಿ ಹಿಡಿದವರೆಲ್ಲ ಒಮ್ಮೆ ಎಡವುವ ಕಲ್ಲು ಅದು. ಸಿಎಚ್‌ರೂಟ್ ಮಾಡುವ ಡೈರೆಕ್ಟರಿಗೂ ಅದರ ಮೇಲಿನ ಪ್ರತಿ ಡೈರೆಕ್ಟರಿಗೂ ರೂಟ್ ಒಡೆಯನಾಗಿರಬೇಕು, ಬೇರೆ ಯಾರಿಗೂ ಅಲ್ಲಿ ಬರೆಯುವ ಹಕ್ಕು ಇರಬಾರದು. ಇಲ್ಲದಿದ್ದರೆ ಎಸ್‌ಎಸ್‌ಎಚ್ ಮಾತಿಲ್ಲದೆ ಸಂಪರ್ಕ ಕಡಿದು, ಕಾರಣವನ್ನು ಸರ್ವರಿನ ಲಾಗ್ ಫೈಲಿನಲ್ಲಿ ಮಾತ್ರ ಬರೆಯುತ್ತದೆ. ಹಠ ಅನ್ನಿಸಬಹುದು, ಕಾರಣವಿದೆ. ತನ್ನ ಪ್ರಪಂಚದ ತುತ್ತತುದಿಯಲ್ಲೇ ಬರೆಯಬಲ್ಲವನು ಅಲ್ಲಿ ತನ್ನದೇ ಒಂದು ಪಾಸ್‌ವರ್ಡ್ ಫೈಲ್ ಸೃಷ್ಟಿಸಿ, ಅದೇ ನಿಜವೆಂದು ಬೇರೆ ಪ್ರೋಗ್ರಾಮುಗಳನ್ನು ನಂಬಿಸಬಹುದು. ಚೆಸ್ವಿಕ್ ಬರ್ಫರ್ಡನಿಗೆ ಮಾಡಿದ್ದನ್ನು ಕೈದಿಯೇ ಜೈಲರಿಗೆ ಮಾಡಿದಂತೆ. ನಾನು ಹುಡುಗನ ಹೋಮ್ ಡೈರೆಕ್ಟರಿಯನ್ನೇ ಜೈಲು ಮಾಡಿದ್ದೆ, ಅದರ ಒಡೆಯ ಅವನೇ ಆಗಿದ್ದ.

ಒಡೆತನ ರೂಟ್‌ಗೆ ಬದಲಿಸಿ, ಒಳಗೆ ಅವನು ಬರೆಯಬಹುದಾದ ಇನ್ನೊಂದು ಡೈರೆಕ್ಟರಿ ಮಾಡಬೇಕಿತ್ತು. ಏನು ಹೆಸರಿಡಲಿ ಎಂದು ಫೋನಿನಲ್ಲೇ ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, 'ಜಗುಲಿ ಅಂತ ಇಡಿ ಸರ್' ಎಂದ.